ಹೇಳದೆ ಬಿಟ್ಟ ಮಾತು, ಬಿಟ್ಟುಕೊಡದ ಲೆಕ್ಕ: ‘2001: ಎ ಸ್ಪೇಸ್ ಒಡಿಸ್ಸಿ’ ಹಳತಾಗದ ಪ್ರಕರಣ

ಸ್ಟ್ಯಾನ್ಲಿ ಕ್ಯೂಬ್ರಿಕ್ 1968ರಲ್ಲಿ ತೆರೆಗೆ ತಂದ ‘2001: ಎ ಸ್ಪೇಸ್ ಒಡಿಸ್ಸಿ’ಯನ್ನು ಭವಿಷ್ಯವಾಣಿ ಎಂದು ಪರೀಕ್ಷೆಗೆ ಕೂರಿಸಿದರೆ ಫೇಲಾಗುತ್ತದೆ. ಅದರಲ್ಲಿ ಪ್ರಯಾಣಿಕರನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ಯುವುದು ಪ್ಯಾನ್ ಆಮ್ ವಿಮಾನ ಸಂಸ್ಥೆ. ಆ ಸಂಸ್ಥೆ 1991ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಚಂದ್ರನಿಗೆ ಹೊರಟ ಅಮೆರಿಕನ್ ಅಧಿಕಾರಿ ಡಾ. ಫ್ಲಾಯ್ಡ್ ಮಗಳಿಗೆ ವಿಡಿಯೊ ಕರೆ ಮಾಡುವುದು ಅಮೆರಿಕದ ದೂರವಾಣಿ ಕಂಪನಿ ಬೆಲ್‌ನ ಬೂತಿನಿಂದ, ದರ 1 ಡಾಲರ್ 70 ಸೆಂಟ್. ಬೆಲ್ ಸಾಮ್ರಾಜ್ಯ 1984ರಲ್ಲೇ ಹೋಳಾಗಿತ್ತು. ಲೌಂಜಿನಲ್ಲಿ ಸಿಗುವ ರಷ್ಯದ ವಿಜ್ಞಾನಿಗಳು ಇನ್ನೂ ಸೋವಿಯತ್ ಪ್ರಜೆಗಳು. ಚಂದ್ರನ ಮೇಲಿನ ವಸಾಹತು, ಗುರುಗ್ರಹಕ್ಕೆ ಮನುಷ್ಯರ ಯಾನ ಎರಡೂ ಇಂದಿಗೂ ಆಗಿಲ್ಲ. ಆದರೂ ಬ್ರಿಟನ್ನಿನ ‘ಸೈಟ್ ಆಂಡ್ ಸೌಂಡ್’ ಪತ್ರಿಕೆ 2022ರಲ್ಲಿ ನಡೆಸಿದ ಮತಗಣನೆಯಲ್ಲಿ ಜಗತ್ತಿನ ನಿರ್ದೇಶಕರು ಇದನ್ನು ಮೊದಲ ಸ್ಥಾನದಲ್ಲಿ ಕೂರಿಸಿದರು. ವಿಮರ್ಶಕರ ಪಟ್ಟಿಯಲ್ಲಿ 6ನೇ ಸ್ಥಾನ.

ಕಾಲದ ಊಹೆಗಳು ಸಾಲುಸಾಲಾಗಿ ತಪ್ಪಿದ ಮೇಲೂ ಸಿನಿಮಾ ಉಳಿದದ್ದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ. ತಯಾರಿಕೆಯ ದಾಖಲೆಗಳನ್ನು ನೋಡಿದರೆ ಎರಡು ಹಟಗಳು ಎದ್ದು ಕಾಣುತ್ತವೆ. ಭೌತವಿಜ್ಞಾನಕ್ಕೆ ಸಂಬಂಧಿಸಿದ್ದನ್ನು ಎಷ್ಟೇ ಖರ್ಚಾದರೂ ನಿಜವಾಗಿ ಮಾಡಿ ತೋರಿಸುವುದು ಒಂದು. ವಿವರಣೆ ಎನಿಸಿದ್ದನ್ನೆಲ್ಲ ಕೊನೆಯ ಗಳಿಗೆಯವರೆಗೂ ಕತ್ತರಿಸುತ್ತ ಹೋಗುವುದು ಇನ್ನೊಂದು.

ಹಿನ್ನೆಲೆ

ಕ್ಯೂಬ್ರಿಕ್ ಮತ್ತು ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮೊದಲು ಭೇಟಿಯಾದದ್ದು 1964ರ ಏಪ್ರಿಲಿನಲ್ಲಿ, ನ್ಯೂಯಾರ್ಕಿನಲ್ಲಿ. ಕ್ಲಾರ್ಕ್ ಅಷ್ಟು ಹೊತ್ತಿಗೆ ಸಿಲೋನಿನಲ್ಲಿ ನೆಲೆಸಿ ಎಂಟು ವರ್ಷವಾಗಿತ್ತು. 1951ರಲ್ಲಿ ಪ್ರಕಟವಾದ ಅವರ ‘ದಿ ಸೆಂಟಿನೆಲ್’ ಸಣ್ಣಕತೆಯ ಎಳೆ ಹಿಡಿದು ಕಾದಂಬರಿ, ಚಿತ್ರಕತೆ ಎರಡನ್ನೂ ಜೊತೆಜೊತೆಗೆ ಬೆಳೆಸಿದರು. ಚಿತ್ರೀಕರಣ ಶುರುವಾದದ್ದು 1965ರ ಡಿಸೆಂಬರ್ 29ರಂದು, ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೊದಲ್ಲಿ. ಅನ್ಯಲೋಕದವರು ಬಿಟ್ಟುಹೋದ ಕಪ್ಪು ಫಲಕವನ್ನು ಚಂದ್ರನ ಮೇಲೆ ಅಗೆದು ತೆಗೆದ ದೃಶ್ಯ ಅಲ್ಲಿ ಮುಗಿಯಿತು, ಉಳಿದದ್ದು ಬೋರ್‌ಹ್ಯಾಮ್‌ವುಡ್‌ನ ಎಂಜಿಎಂ ಸ್ಟುಡಿಯೊದಲ್ಲಿ. 60 ಲಕ್ಷ ಡಾಲರ್ ಎಂದು ಹೊರಟ ಬಜೆಟ್ ಸುಮಾರು 1 ಕೋಟಿ 5 ಲಕ್ಷಕ್ಕೆ ಮುಟ್ಟಿತು. ಅರ್ಧಕ್ಕಿಂತ ಹೆಚ್ಚು ಹಣ ನುಂಗಿದ್ದು ವಿಶೇಷ ದೃಶ್ಯಗಳು.

ಬಾಹ್ಯಾಕಾಶ ಸಲಹೆಗಾರ ಫ್ರೆಡರಿಕ್ ಆರ್ಡ್‌ವೇ ಮತ್ತು ವಿನ್ಯಾಸಕಾರ ಹ್ಯಾರಿ ಲಾಂಗ ಇಬ್ಬರೂ ಅಮೆರಿಕದ ರಾಕೆಟ್ ಕಾರ್ಯಕ್ರಮದಲ್ಲಿ ಕೆಲಸ ಮಾಡಿ ಬಂದವರು. ಪ್ರತಿ ಗುಂಡಿ, ಪ್ರತಿ ಹ್ಯಾಚ್ ಯಾವ ಕೆಲಸಕ್ಕೆ ಎಂಬ ಉತ್ತರ ಅವರ ಬಳಿ ಇರಬೇಕಿತ್ತು. ಇದೆಲ್ಲ ನಡೆದಾಗ ಮನುಷ್ಯ ಚಂದ್ರನ ಮೇಲೆ ಇಳಿದಿರಲಿಲ್ಲ. ಅಪೊಲೊ 8ರ ಯಾತ್ರಿಗಳು ಚಂದ್ರನ ಕಕ್ಷೆಯಿಂದ ಭೂಮಿಯ ಫೋಟೊ ತೆಗೆದದ್ದು ಸಿನಿಮಾ ಬಿಡುಗಡೆಯಾಗಿ ಎಂಟು ತಿಂಗಳು ಕಳೆದ ಮೇಲೆ.

ಚಕ್ರದೊಳಗಿನ ತೂಕ

ಗುರುಗ್ರಹಕ್ಕೆ ಹೊರಟ ಡಿಸ್ಕವರಿ ನೌಕೆಯ ವಾಸದ ಭಾಗ ಒಂದು ತಿರುಗುವ ಚಕ್ರ. ತಿರುಗುವಾಗ ಒಳಗಿದ್ದವರು ಅಂಚಿಗೆ ಒತ್ತಲ್ಪಡುತ್ತಾರೆ, ಅದೇ ಅವರಿಗೆ ನೆಲ. ಇದನ್ನು ತೋರಿಸಲು ವಿಕರ್ಸ್-ಆರ್ಮ್‌ಸ್ಟ್ರಾಂಗ್ ಎಂಬ ಎಂಜಿನಿಯರಿಂಗ್ ಕಂಪನಿಯಿಂದ 38 ಅಡಿ ವ್ಯಾಸದ, ಸುಮಾರು 30 ಟನ್ ತೂಕದ ನಿಜವಾದ ಚಕ್ರವನ್ನೇ ಕಟ್ಟಿಸಿದರು. ಖರ್ಚು ಏಳೂವರೆ ಲಕ್ಷ ಡಾಲರ್, ಗರಿಷ್ಠ ವೇಗ ಗಂಟೆಗೆ 3 ಮೈಲಿ.

ಗಗನಯಾತ್ರಿ ಪೂಲ್ ಗೋಡೆ, ಚಾವಣಿ ಎನ್ನದೆ ಸುತ್ತ ಓಡುವ ಪ್ರಸಿದ್ಧ ದೃಶ್ಯದಲ್ಲಿ ನಟ ಗ್ಯಾರಿ ಲಾಕ್‌ವುಡ್ ಇದ್ದದ್ದು ಉದ್ದಕ್ಕೂ ಚಕ್ರದ ತಳದಲ್ಲೇ. ಕಾಲಡಿಯಲ್ಲಿ ಚಕ್ರ ತಿರುಗುತ್ತಿತ್ತು, ಅವರು ಓಡುತ್ತ ಅಲ್ಲೇ ಉಳಿಯುತ್ತಿದ್ದರು. ಕ್ಯಾಮೆರಾವನ್ನು ಚಕ್ರಕ್ಕೆ ಬಿಗಿದರೆ ನಟ ಗೋಡೆ ಹತ್ತಿದಂತೆ ಕಾಣುತ್ತದೆ. ಕ್ಯಾಮೆರಾವನ್ನೂ ತಳದಲ್ಲೇ ನಟನ ಬೆನ್ನಿಗೆ ಇಟ್ಟರೆ ಕೋಣೆಯೇ ಎದುರಿಗೆ ಇಳಿದು ಬಂದಂತೆ ಕಾಣುತ್ತದೆ. ಪೂಲ್‌ನ ಜೊತೆಗಾರ ಬೋಮನ್ (ನಟ ಕೀರ್ ಡಲೇ) ಏಣಿ ಇಳಿದು, ಎದುರುಬದಿಯಲ್ಲಿ ಊಟ ಮಾಡುತ್ತಿರುವ ಪೂಲ್ ಬಳಿಗೆ ನಡೆದು ಹೋಗುವ ಶಾಟ್ ಇನ್ನೂ ಕಠಿಣ. ಲಾಕ್‌ವುಡ್ ಅವರನ್ನು ಕುರ್ಚಿಗೆ ಕಟ್ಟಿ ತಲೆಕೆಳಗಾಗಿ ನೇತುಹಾಕಿ, ಊಟ ಫೋರ್ಕಿನಿಂದ ಬೀಳದಂತೆ ಅಂಟಿಸಿ, ಕೀರ್ ಡಲೇ ನಡೆಯುತ್ತಿದ್ದಂತೆ ಚಕ್ರ ತಿರುಗಿಸಿ ಅವರನ್ನು ಕೆಳಗೆ ತಂದರು. ಸೆಟ್ಟಿನೊಳಗೆ ಮರೆತುಹೋದ ಒಂದು ಸ್ಪ್ಯಾನರ್ ಕೂಡ ಆ ಜಾಗ ಮೇಲೆ ಬಂದಾಗ ಕೆಳಗಿದ್ದವರ ತಲೆ ಮೇಲೆ ಬೀಳುತ್ತದೆ. ನಿರ್ದೇಶಕರು ಹೊರಗೆ ಕೂತು, ಕ್ಲೋಸ್ಡ್ ಸರ್ಕ್ಯೂಟ್ ಟಿವಿಯಲ್ಲಿ ನೋಡುತ್ತ ಸೂಚನೆ ಕೊಟ್ಟರು.

ಈಗ ಲೆಕ್ಕ. ಚಕ್ರದ ತ್ರಿಜ್ಯ 5.8 ಮೀಟರ್. ಒಳಗೆ ಭೂಮಿಯ ಮೇಲಿನಷ್ಟೇ ತೂಕ ಬೇಕೆಂದರೆ ನಿಮಿಷಕ್ಕೆ 12ಕ್ಕಿಂತ ಹೆಚ್ಚು ಸುತ್ತು ತಿರುಗಬೇಕು. ಆ ವೇಗದಲ್ಲಿ ಸುಮ್ಮನೆ ಕತ್ತು ಹೊರಳಿಸಿದರೂ ಒಳಕಿವಿ ಗೊಂದಲಕ್ಕೆ ಬಿದ್ದು ತಲೆಸುತ್ತು, ವಾಂತಿ. ಚಂದ್ರನ ಮೇಲಿನಷ್ಟು ತೂಕ ಸಾಕು ಎಂದರೆ ನಿಮಿಷಕ್ಕೆ 5 ಸುತ್ತು. ಆಗ ಅಂಚಿನ ವೇಗ ಗಂಟೆಗೆ 11 ಕಿ.ಮೀ., ಹೆಚ್ಚುಕಡಿಮೆ ಜಾಗಿಂಗ್ ವೇಗ. ಹಾಗಾಗಿ ಚಕ್ರ ತಿರುಗುವುದಕ್ಕೆ ಎದುರು ದಿಕ್ಕಿನಲ್ಲಿ ಓಡಿದರೆ ಪೂಲ್ ತೂಕ ಕಳೆದುಕೊಂಡು ತೇಲಬೇಕು. ಅದೇ ದಿಕ್ಕಿನಲ್ಲಿ ಓಡಿದರೆ ತೂಕ ನಾಲ್ಕು ಪಟ್ಟಾಗಬೇಕು. ನಿಂತವನ ಪಾದಕ್ಕಿಂತ ತಲೆಗೆ ಸುಮಾರು ಶೇ 30ರಷ್ಟು ಕಡಿಮೆ ಸೆಳೆತ. ಅಂದರೆ ತತ್ವ ಸರಿ, ಗಾತ್ರ ಸಾಲದು. ಸ್ಟುಡಿಯೊದ ಚಾವಣಿ ಎತ್ತರ ಮತ್ತು ಹಣ ಎರಡೂ ಅಡ್ಡ ಬಂದ ಜಾಗ ಇದು. ಭೂಮಿಯ ಸುತ್ತಲಿನ ನಿಲ್ದಾಣಕ್ಕೆ ಇಂಥ ಮಿತಿ ಇರಲಿಲ್ಲ. ಸುಮಾರು 300 ಮೀಟರ್ ಅಗಲದ ಆ ಜೋಡಿ ಚಕ್ರ ನಿಮಿಷಕ್ಕೆ ಒಂದು ಸುತ್ತು ಹೊಡೆಯುತ್ತದೆ. ಲೆಕ್ಕ ಹಾಕಿದರೆ ಚಂದ್ರನಷ್ಟು ತೂಕ ಕರಾರುವಾಕ್ಕಾಗಿ ಬರುತ್ತದೆ. ಜೊಹಾನ್ ಸ್ಟ್ರಾಸ್‌ನ ವಾಲ್ಟ್ಸ್‌ಗೆ ಹೊಂದಲೆಂದು ಅದು ನಿಧಾನವಾಗಿ ತಿರುಗುತ್ತದೆ ಎಂದುಕೊಳ್ಳುವವರು ಬಹಳ. ವೇಗವನ್ನು ನಿರ್ಧರಿಸಿದ್ದು ಗಣಿತ, ಸಂಗೀತ ಸೇರಿದ್ದು ಆಮೇಲೆ.

ಮೌನ, ನಿರ್ವಾತ, ಏಳು ನಿಮಿಷ

ಗಾಳಿ ಇಲ್ಲದಲ್ಲಿ ಸದ್ದಿಲ್ಲ. ಈ ನಿಯಮವನ್ನು ಪಾಲಿಸಿದ ಬಾಹ್ಯಾಕಾಶ ಸಿನಿಮಾಗಳು ಇಂದಿಗೂ ಕಡಿಮೆ. ಇಲ್ಲಿ ನೌಕೆಯನ್ನು ನಡೆಸುವ ಕಂಪ್ಯೂಟರ್ ಹ್ಯಾಲ್‌ನಿಂದ ಪೂಲ್ ಕೊಲೆಯಾಗುವುದು ನಿಶ್ಶಬ್ದದಲ್ಲಿ. ನೌಕೆಯ ಹೊರಗೆ ನಡೆದಾಡುವ ದೃಶ್ಯಗಳಲ್ಲಿ ಕೇಳುವುದು ಹೆಲ್ಮೆಟ್ಟಿನೊಳಗಿನ ಉಸಿರು ಮಾತ್ರ. ಹೆಲ್ಮೆಟ್ ಇಲ್ಲದ ಬೋಮನ್ ತನ್ನ ಪುಟ್ಟ ವಾಹನದ ಬಾಗಿಲಿನ ಬೋಲ್ಟ್‌ಗಳನ್ನು ಸಿಡಿಸಿ ನೌಕೆಯ ಏರ್‌ಲಾಕಿಗೆ (ಒಳಗೂ ಹೊರಗೂ ನಡುವಿನ ಕೋಣೆ) ನುಗ್ಗುವಾಗಲೂ ಸದ್ದಿಲ್ಲ, ಗಾಳಿ ತುಂಬಿದ ಕ್ಷಣದಲ್ಲಿ ಅದು ಒಮ್ಮೆಲೇ ಅಪ್ಪಳಿಸುತ್ತದೆ. ಈ ಶಾಟಿಗೆ ಏರ್‌ಲಾಕಿನ ಸೆಟ್ಟನ್ನು ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾವನ್ನು ತಳದಲ್ಲಿಟ್ಟು, ಡಲೇ ಅವರನ್ನು ತಂತಿಯಲ್ಲಿ ಮೇಲಿನಿಂದ ಬೀಳಿಸಿದರು. ದೇಹವೇ ತಂತಿಯನ್ನು ಮರೆಮಾಡಿತು. ಹೊರಗಿನ ನಡಿಗೆಗಳಲ್ಲಿ ಸ್ಟಂಟ್ ನಟ ಬಿಲ್ ವೆಸ್ಟನ್ ಅವರನ್ನು ಚಾವಣಿಯಿಂದ ಇಳಿಬಿಟ್ಟು ಕೆಳಗಿನಿಂದ ಚಿತ್ರೀಕರಿಸಿದ್ದೂ ಇದೇ ಉಪಾಯದಿಂದ.

ನಿರ್ವಾತದಲ್ಲಿ ಅಷ್ಟು ಹೊತ್ತು ಬದುಕಬಹುದೇ? 1966ರ ಡಿಸೆಂಬರಿನಲ್ಲಿ ಹೂಸ್ಟನ್‌ನ ನಾಸಾ ನಿರ್ವಾತ ಕೋಣೆಯಲ್ಲಿ ಒಬ್ಬ ತಂತ್ರಜ್ಞರ ಸ್ಪೇಸ್ ಸೂಟ್ ಒತ್ತಡ ಕಳೆದುಕೊಂಡಿತ್ತು. ಸುಮಾರು 14 ಸೆಕೆಂಡ್ ಅವರಿಗೆ ಪ್ರಜ್ಞೆ ಇತ್ತು, ಗಾಳಿ ತುಂಬಿಸಿದ ಮೇಲೆ ಚೇತರಿಸಿಕೊಂಡರು. ಹಾಗಾಗಿ ಬೋಮನ್ ಬದುಕುವುದು ಸಾಧ್ಯ. ತಪ್ಪಿರುವುದು ಒಂದೇ: ಹಾರುವ ಮೊದಲು ಅವನು ಉಸಿರು ಬಿಗಿಹಿಡಿಯುತ್ತಾನೆ. ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುವ ಅಪಾಯ ಇರುವುದರಿಂದ ಉಸಿರು ಹೊರಬಿಡಬೇಕಿತ್ತು.

ನೌಕೆ ಭೂಮಿಯಿಂದ 8 ಕೋಟಿ ಮೈಲಿ ದೂರದಲ್ಲಿದೆ, ಮಾತು ತಲುಪಲು ಏಳು ನಿಮಿಷ ಬೇಕು, ಆ ಅಂತರವನ್ನು ಕತ್ತರಿಸಿ ಸಂದರ್ಶನ ಪ್ರಸಾರ ಮಾಡುತ್ತಿದ್ದೇವೆ ಎಂದು ಸಿನಿಮಾದೊಳಗಿನ ಬಿಬಿಸಿ ನಿರೂಪಕ ಹೇಳುತ್ತಾನೆ. 8 ಕೋಟಿ ಮೈಲಿ ಎಂದರೆ ಸುಮಾರು 12.9 ಕೋಟಿ ಕಿ.ಮೀ. ಬೆಳಕಿನ ವೇಗದಿಂದ ಭಾಗಿಸಿದರೆ 429 ಸೆಕೆಂಡ್, ಏಳು ನಿಮಿಷದ ಮೇಲೆ ಒಂಬತ್ತು ಸೆಕೆಂಡ್. ಪೂಲ್‌ನ ತಂದೆತಾಯಿ ಹುಟ್ಟುಹಬ್ಬದ ಹಾಡು ಹಾಡಿ ಕಳಿಸುತ್ತಾರೆ. ಅವನು ಕಪ್ಪು ಕನ್ನಡಕ ಹಾಕಿ ಮಲಗಿ ನೋಡುತ್ತಾನೆ, ಉತ್ತರಿಸುವುದಿಲ್ಲ. ದೂರ ಮನುಷ್ಯಸಂಬಂಧಕ್ಕೆ ಏನು ಮಾಡುತ್ತದೆ ಎಂಬುದನ್ನು ಒಂದು ಭೌತ ಸ್ಥಿರಾಂಕದಿಂದ ಹೊರಡಿಸಿದ ಇಂಥ ದೃಶ್ಯಕ್ಕೆ ಮುಪ್ಪಿಲ್ಲ.

ತಪ್ಪುಗಳೂ ಇವೆ. ಚಂದ್ರನಲ್ಲಿ ನೌಕೆ ಇಳಿಯುವಾಗ ಧೂಳು ಹೊಗೆಯಂತೆ ಸುಳಿಯುತ್ತದೆ, ಗಾಳಿಯಿಲ್ಲದಲ್ಲಿ ಪ್ರತಿ ಕಣವೂ ಎಸೆದ ಕಲ್ಲಿನ ಹಾದಿಯಲ್ಲೇ ಹೋಗಿ ಬೀಳಬೇಕು. ಚಂದ್ರನ ಮೇಲಿನ ಕ್ಲೇವಿಯಸ್ ನೆಲೆಯ ಸಭೆಯಲ್ಲಿ ಎಲ್ಲರೂ ಭೂಮಿಯ ನಡಿಗೆಯನ್ನೇ ನಡೆಯುತ್ತಾರೆ. ತೂಕವಿಲ್ಲದಲ್ಲಿ ಫ್ಲಾಯ್ಡ್‌ನ ಸ್ಟ್ರಾದೊಳಗಿನ ಪಾನೀಯ ಕೆಳಕ್ಕೆ ಜಾರುತ್ತದೆ. ಚಂದ್ರನ ಬೆಟ್ಟಗಳು ಅಪೊಲೊ ಯಾತ್ರಿಗಳು ಕಂಡದ್ದಕ್ಕಿಂತ ಮೊನಚು. ಡಿಸ್ಕವರಿಗೆ ಶಾಖ ಹೊರಹಾಕುವ ರೇಡಿಯೇಟರ್‌ಗಳೇ ಇಲ್ಲ. ಇದು ಮಾತ್ರ ಗೊತ್ತಿದ್ದೇ ಮಾಡಿದ್ದು. ಮೊದಲ ವಿನ್ಯಾಸದಲ್ಲಿ ಅವು ಇದ್ದವು, ರೆಕ್ಕೆಯಂತೆ ಕಂಡು ಪ್ರೇಕ್ಷಕರು ‘ಇಲ್ಲಿ ರೆಕ್ಕೆ ಏಕೆ’ ಎಂದು ಕೇಳಿಯಾರು ಎಂಬ ಕಾರಣಕ್ಕೆ ತೆಗೆದರು.

54 ಅಡಿಯ ಮಾಡೆಲ್ ದೊಡ್ಡದಾಗಿ ಕಂಡ ಬಗೆ

ಮಾಡೆಲ್ ಎಷ್ಟೇ ಚೆನ್ನಾಗಿರಲಿ, ಮಸುಕು ಅದರ ಗುಟ್ಟು ಬಿಟ್ಟುಕೊಡುತ್ತದೆ. ಹತ್ತಿರದಿಂದ ತೆಗೆದಾಗ ಮೂತಿ ಫೋಕಸ್ಸಿನಲ್ಲಿದ್ದು ಬಾಲ ಮಸುಕಾದರೆ ಕಣ್ಣು ತಕ್ಷಣ ‘ಇದು ಆಟಿಕೆ’ ಎನ್ನುತ್ತದೆ. ಡಿಸ್ಕವರಿಯ ದೊಡ್ಡ ಮಾಡೆಲ್ 54 ಅಡಿ ಉದ್ದವಿತ್ತು. ತುದಿಯಿಂದ ತುದಿಗೆ ಸ್ಪಷ್ಟವಾಗಿರಬೇಕೆಂದರೆ ಲೆನ್ಸಿನ ಅಪರ್ಚರ್ (ಬೆಳಕಿನ ಕಿಂಡಿ) ತೀರಾ ಕಿರಿದಾಗಬೇಕು, ಆಗ ಬೆಳಕು ಸಾಲದೆ ಒಂದೊಂದು ಫ್ರೇಮಿಗೂ ಸೆಕೆಂಡುಗಟ್ಟಲೆ ಎಕ್ಸ್‌ಪೋಷರ್ ಬೇಕು. ವರ್ಮ್ ಗೇರ್ ಹಾಕಿದ ಹಳಿಯ ಮೇಲೆ ಕ್ಯಾಮೆರಾ ಗಡಿಯಾರದ ಗಂಟೆಮುಳ್ಳಿನಂತೆ ಸರಿಯುತ್ತಿತ್ತು. ಒಂದೇ ಶಾಟ್ ಗಂಟೆಗಟ್ಟಲೆ ಹಿಡಿಯುತ್ತಿತ್ತು. ನಡುವೆ ಗೇರ್ ಕೂದಲೆಳೆಯಷ್ಟು ಎಗರಿದರೂ 65 ಎಂ.ಎಂ. ನೆಗೆಟಿವ್ ಅದನ್ನು ಹಿಡಿದುಬಿಡುತ್ತದೆ, ಅಲ್ಲಿಗೆ ಇಡೀ ಶಾಟ್ ವ್ಯರ್ಥ. ಬೆಳಕು ಒಂದೇ ಕಡೆಯಿಂದ, ಸೂರ್ಯನಂತೆ. ನೆರಳನ್ನು ಮೆದುಗೊಳಿಸುವ ಎರಡನೇ ದೀಪವಿಲ್ಲ.

ಕಿಟಕಿಯೊಳಗೆ ಓಡಾಡುವ ಜನರನ್ನು ಸೇರಿಸುವುದು ಎರಡನೇ ಸಮಸ್ಯೆ. ಆ ಕಾಲದ ಮಾಮೂಲು ದಾರಿಯಲ್ಲಿ ಬೇರೆಬೇರೆ ಫಿಲ್ಮುಗಳನ್ನು ಪ್ರಿಂಟ್ ಮಾಡಿ ಕೂಡಿಸಬೇಕಿತ್ತು. ಪ್ರತಿ ನಕಲಿಗೂ ಕಾಳುಕಾಳು ಹೆಚ್ಚುತ್ತದೆ, ಕಪ್ಪು ಬೂದಿಯಾಗುತ್ತದೆ. ಈ ತಂಡ ಸಾಧ್ಯವಾದಲ್ಲೆಲ್ಲ ನಕಲನ್ನೇ ತಪ್ಪಿಸಿತು. ಮೊದಲು ಕಿಟಕಿಗಳನ್ನು ಕಪ್ಪಾಗಿಸಿ ಮಾಡೆಲ್ ಚಿತ್ರೀಕರಿಸುವುದು, ನೆಗೆಟಿವನ್ನು ಡೆವಲಪ್ ಮಾಡದೆ ತಂಪಿನಲ್ಲಿ ಎತ್ತಿಡುವುದು. ಆಮೇಲೆ ಮಾಡೆಲ್‌ಗೆಲ್ಲ ಕಪ್ಪು ವೆಲ್ವೆಟ್ ಹೊದಿಸಿ, ಕಿಟಕಿಯಲ್ಲಿ ಬಿಳಿ ಕಾರ್ಡ್ ಇಟ್ಟು, ಅದರ ಮೇಲೆ ನಟರ ಚಿತ್ರವನ್ನು ಫ್ರೇಮ್ ಫ್ರೇಮಾಗಿ ಪ್ರೊಜೆಕ್ಟ್ ಮಾಡಿ, ಅದೇ ನೆಗೆಟಿವಿನ ಮೇಲೆ ಅದೇ ಚಲನೆಯನ್ನು ಮತ್ತೆ ಓಡಿಸುವುದು. ಎರಡು ಹಂತಗಳ ನಡುವೆ ತಿಂಗಳುಗಳೇ ಕಳೆದದ್ದುಂಟು. ನಕ್ಷತ್ರಗಳು ನೌಕೆಯ ಮೈಯೊಳಗಿಂದ ಹಾಯ್ದು ಕಾಣದಂತೆ ತಡೆಯುವ ಮ್ಯಾಟ್‌ಗಳನ್ನು (ನೌಕೆಯ ಆಕಾರದ ಮರೆಗಳು) ಒಂದೊಂದು ಫ್ರೇಮಿಗೂ ಕೈಯಲ್ಲೇ ಬರೆದರು. ಇಂಥ ವಿಶೇಷ ಶಾಟ್‌ಗಳು ಒಟ್ಟು 205. ವಾಲಿ ವೀವರ್ಸ್, ಡಗ್ಲಸ್ ಟ್ರಂಬುಲ್, ಕಾನ್ ಪೆಡರ್ಸನ್, ಟಾಮ್ ಹೋವರ್ಡ್ ಈ ವಿಭಾಗದ ಮುಖ್ಯರು. ಆಸ್ಕರ್ ಮಾತ್ರ ಕ್ಯೂಬ್ರಿಕ್ ಒಬ್ಬರ ಹೆಸರಿಗೆ ಬಂತು. ಅವರ ಇಡೀ ಬದುಕಿನ ಏಕೈಕ ಆಸ್ಕರ್ ಅದು ಎಂಬುದು ಅಕಾಡೆಮಿಗೂ ಶೋಭೆಯಲ್ಲ, ತಂಡಕ್ಕೂ ನ್ಯಾಯವಲ್ಲ.

ಸಿನಿಮಾ ಶುರುವಾಗುವ ಆದಿಮಾನವರ ಭಾಗದ ತಂತ್ರ ಬೇರೆ. ವಾನರವೇಷದ ನಟರು ಇದ್ದದ್ದು ಇಂಗ್ಲೆಂಡಿನ ಸ್ಟುಡಿಯೊದಲ್ಲಿ, ಹಿಂದಿನ ಬೆಟ್ಟಬಯಲು ನೈರುತ್ಯ ಆಫ್ರಿಕಾದ್ದು, ಇಂದಿನ ನಮೀಬಿಯ. ಅಲ್ಲಿ ತೆಗೆದ 8x10 ಇಂಚಿನ ಸ್ಲೈಡುಗಳನ್ನು ಮುಂದಿನಿಂದ ಪ್ರೊಜೆಕ್ಟ್ ಮಾಡಿದರು. 45 ಡಿಗ್ರಿಯಲ್ಲಿ ಓರೆಯಾಗಿಟ್ಟ ಅರೆಪಾರದರ್ಶಕ ಕನ್ನಡಿಯಿಂದ ಪ್ರೊಜೆಕ್ಟರ್ ಮತ್ತು ಕ್ಯಾಮೆರಾ ಒಂದೇ ಅಕ್ಷದಲ್ಲಿ ನೋಡುತ್ತವೆ. ಹಿಂಬದಿಯ ಪರದೆ ರಸ್ತೆ ಫಲಕಗಳಿಗೆ ಅಂಟಿಸುವ ಸ್ಕಾಚ್‌ಲೈಟ್, ಅದರ ಸೂಕ್ಷ್ಮ ಗಾಜಿನ ಮಣಿಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂತಿರುಗಿಸುತ್ತವೆ. ನಟರ ಮೇಲೂ ಬೆಟ್ಟದ ಚಿತ್ರ ಬೀಳುತ್ತದೆ, ಆದರೆ ರೋಮ ಹಾಗೆ ಹಿಂತಿರುಗಿಸದ ಕಾರಣ ಕಾಣುವುದಿಲ್ಲ. ಕ್ಯಾಮೆರಾ ಕೊಂಚ ಸರಿದರೂ ನಟರ ಅಂಚಿನಲ್ಲಿ ಕಪ್ಪು ಗೆರೆ ಮೂಡುತ್ತದೆ. ಸ್ಕಾಚ್‌ಲೈಟಿನ ಒಂದೊಂದು ರೋಲ್ ಒಂದೊಂದು ಬಗೆಯಲ್ಲಿ ಹೊಳೆದು ಆಕಾಶದಲ್ಲಿ ಪಟ್ಟೆ ಕಂಡಾಗ, ಹಾಳೆಗಳನ್ನು ಅಡ್ಡಾದಿಡ್ಡಿ ಹರಿದು ಬೆರಕೆಯಾಗಿ ಅಂಟಿಸಿದರು. ಜೀಬ್ರಾದ ಹೆಣದ ಪಕ್ಕ ಕೂತ ಚಿರತೆಯ ಕಣ್ಣು ದೀಪದಂತೆ ಉರಿಯುವುದು ಈ ತಂತ್ರದ ಅಡ್ಡಪರಿಣಾಮ. ಅದರ ಕಣ್ಣೂ ಸ್ಕಾಚ್‌ಲೈಟಿನಂತೆಯೇ ಬೆಳಕನ್ನು ಹಿಂದಕ್ಕೆ ಕಳಿಸಿತು. ಯಾರೂ ಯೋಜಿಸದ ಇದು ಆ ಭಾಗದ ಅತ್ಯುತ್ತಮ ಕ್ಷಣಗಳಲ್ಲೊಂದು. ಈ ವ್ಯವಸ್ಥೆಯಲ್ಲಿ ಕ್ಯಾಮೆರಾ ಹೊರಳಿಸಲಾಗದು, ಆ ಭಾಗದ ಶಾಟ್‌ಗಳು ನಿಶ್ಚಲ ಚಿತ್ರಗಳಂತೆ ಇರುವುದಕ್ಕೆ ಅದೇ ಕಾರಣ. ಮೂಳೆಯಿಂದ ಬುರುಡೆ ಪುಡಿಮಾಡುವ ದೃಶ್ಯ ಮಾತ್ರ ಹೊರಗೆ, ಸ್ಟುಡಿಯೊ ಪಕ್ಕದ ಬಯಲಿನಲ್ಲಿ ಎತ್ತರದ ಅಟ್ಟಣೆ ಕಟ್ಟಿ ತೆಗೆದದ್ದು.

ನೌಕೆಯೊಳಗಿನ ಚಪ್ಪಟೆ ಪರದೆಗಳ ಹಿಂದೆ ಇದ್ದದ್ದು 16 ಎಂ.ಎಂ. ಪ್ರೊಜೆಕ್ಟರುಗಳು. ಆ ಕಾಲದ ಉಬ್ಬುಗಾಜಿನ ಟಿವಿಗಳನ್ನು ಇಟ್ಟಿದ್ದರೆ ಸೆಟ್ ಹತ್ತೇ ವರ್ಷದಲ್ಲಿ ಹಳತಾಗುತ್ತಿತ್ತು. 2011ರಲ್ಲಿ ಆಪಲ್ ಜತೆಗಿನ ಟ್ಯಾಬ್ಲೆಟ್ ವಿನ್ಯಾಸದ ಮೊಕದ್ದಮೆಯಲ್ಲಿ ಸ್ಯಾಮ್‌ಸಂಗ್ ಇದೇ ಸಿನಿಮಾದ ಊಟದ ಮೇಜಿನ ದೃಶ್ಯವನ್ನು ನ್ಯಾಯಾಲಯದ ಮುಂದಿಟ್ಟಿತು.

ಕತ್ತರಿಸಿದ್ದೇನು

ಆರಂಭಕ್ಕೆ ಪ್ರಸಿದ್ಧ ವಿಜ್ಞಾನಿಗಳ ಕಪ್ಪುಬಿಳುಪು ಸಂದರ್ಶನಗಳಿದ್ದವು, ಭೌತವಿಜ್ಞಾನಿ ಫ್ರೀಮನ್ ಡೈಸನ್ ಅವರದ್ದೂ ಸೇರಿ. ಹೋದವು. ಉದ್ದಕ್ಕೂ ಹಿನ್ನೆಲೆ ನಿರೂಪಣೆ ಬರಬೇಕಿತ್ತು. ಹೋಯಿತು. ಅನ್ಯಲೋಕದ ಜೀವಿಗಳನ್ನು ತೋರಿಸಲು ಪ್ರಯೋಗಗಳು ನಡೆದವು, ಯಾವುದೂ ಒಪ್ಪಿಗೆಯಾಗದೆ ಕಪ್ಪು ಫಲಕವೊಂದೇ ಉಳಿಯಿತು. ರಬ್ಬರ್ ಮುಖವಾಡದ ಜೀವಿ ಎಷ್ಟು ಬೇಗ ನಗೆಪಾಟಲಾಗುತ್ತದೆ ಎಂಬುದಕ್ಕೆ ಆ ದಶಕದ ಬೇರೆ ಸಿನಿಮಾಗಳೇ ಸಾಕ್ಷಿ. ವಾನರ ಆಕಾಶಕ್ಕೆ ಎಸೆದ ಮೂಳೆಯ ಬೆನ್ನಿಗೆ ಒಂದೇ ಕಟ್‌ನಲ್ಲಿ ಬರುವ ಉಪಗ್ರಹ ಅಣ್ವಸ್ತ್ರ ಹೊತ್ತದ್ದು ಎಂಬ ಮೂಲ ವಿವರವನ್ನೂ ಹೇಳದೆ ಬಿಟ್ಟರು. ಹೇಳಿದ್ದರೆ ಆ ಕಟ್ ಶೀತಲ ಸಮರದ ಟಿಪ್ಪಣಿಯಾಗಿ ಉಳಿಯುತ್ತಿತ್ತು. ಕಾದಂಬರಿಯಲ್ಲಿ ಯಾನ ಶನಿಗೆ. ನಂಬುವಂಥ ಉಂಗುರಗಳನ್ನು ಮಾಡಲಾಗದೆ ಸಿನಿಮಾ ಗುರುವಿನಲ್ಲಿ ನಿಂತಿತು. ಕೈಲಾಗದ್ದನ್ನು ಅರ್ಧಂಬರ್ಧ ತೋರಿಸುವುದಕ್ಕಿಂತ ಇದು ಮೇಲು.

ಅಲೆಕ್ಸ್ ನಾರ್ತ್ ಬರೆದು ಧ್ವನಿಮುದ್ರಿಸಿದ ಸಂಗೀತವನ್ನು ಅವರಿಗೆ ತಿಳಿಸದೆಯೇ ಕೈಬಿಟ್ಟದ್ದು ಕ್ರೂರ, ಅದನ್ನು ಮುಚ್ಚಿಡಬೇಕಿಲ್ಲ. ಬದಲಿಗೆ ಬಂದವು ರಿಚರ್ಡ್ ಸ್ಟ್ರಾಸ್‌ನ 1896ರ ಕೃತಿ, ಜೊಹಾನ್ ಸ್ಟ್ರಾಸ್‌ನ 1867ರ ವಾಲ್ಟ್ಸ್ ‘ಬ್ಲೂ ಡ್ಯಾನ್ಯೂಬ್’, ಮತ್ತು ಸಮಕಾಲೀನ ಸಂಯೋಜಕ ಲಿಗೆಟಿಯ ಸ್ವರಪುಂಜಗಳು. 60ರ ದಶಕದ ಹಾಲಿವುಡ್ ವಾದ್ಯವೃಂದದ ಮುದ್ರೆ ಬೀಳದೆ ಉಳಿದ ಲಾಭ ನಿಜ. ಸುಮಾರು ಮೊದಲ 25 ನಿಮಿಷ, ಕೊನೆಯ 23 ನಿಮಿಷ ಮಾತೇ ಇಲ್ಲ.

1968ರ ಏಪ್ರಿಲ್ 2ರಂದು ವಾಷಿಂಗ್ಟನ್‌ನಲ್ಲಿ ಮೊದಲ ಪ್ರದರ್ಶನ, ಆಗಿನ ಅವಧಿ 161 ನಿಮಿಷ. ಎದ್ದು ಹೋದವರು ಬಹಳ, ಪಾಲಿನ್ ಕೇಲ್ ಅವರಂಥ ವಿಮರ್ಶಕರು ತರಾಟೆಗೆ ತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಕ್ಯೂಬ್ರಿಕ್ ಸುಮಾರು 19 ನಿಮಿಷ ತೆಗೆದರು: ಚಕ್ರದೊಳಗಿನ ಓಟದ ಒಂದಷ್ಟು, ಪೂಲ್‌ನ ಹೊರನಡಿಗೆಯ ಸಿದ್ಧತೆ, ಚಂದ್ರನ ನೆಲೆಯ ದಿನಚರಿ. ಸೇರಿಸಿದ್ದು ತೀರಾ ಕಡಿಮೆ: ಎರಡು ಶೀರ್ಷಿಕೆ ಫಲಕ, ಮತ್ತು ವಾನರ ಮೂಳೆಯನ್ನು ಹೊಸ ಕಣ್ಣಿನಿಂದ ನೋಡುವಾಗ ಮಿಂಚಿ ಮರೆಯಾಗುವ ಕಪ್ಪು ಫಲಕದ ಒಂದು ಶಾಟ್. ಫಲಕಕ್ಕೂ ಆಯುಧಕ್ಕೂ ಏನು ಸಂಬಂಧ ಎಂಬುದಕ್ಕೆ ಸಿನಿಮಾ ಕೊಡುವ ಸುಳಿವು ಅಷ್ಟೇ, ಅಷ್ಟೇ ಸಾಕಾಯಿತು ಕೂಡ. ಬಾಗಿದ ದೊಡ್ಡ ಪರದೆಯ ಕೆಲವು ಸಿನೆರಾಮಾ ಥಿಯೇಟರುಗಳಲ್ಲಿ ಅದು ವರ್ಷ ಮೀರಿ ಓಡಿತು.

ಹ್ಯಾಲ್, ಮತ್ತು ಹೋಲಿಕೆಗೆ 1984

ಹ್ಯಾಲ್ 9000ಕ್ಕೆ ಮುಖವಿಲ್ಲ. ಕೆಂಪು ಲೆನ್ಸ್, ಕೆನಡಾದ ನಟ ಡಗ್ಲಸ್ ರೇನ್ ಅವರ ಸಮಸ್ವರ, ಅಷ್ಟೇ. ಮೊದಲು ಮಾರ್ಟಿನ್ ಬಾಲ್ಸಮ್ ಧ್ವನಿ ಕೊಟ್ಟಿದ್ದರು, ಅದು ಅತಿಯಾಗಿ ಅಮೆರಿಕನ್ ಆಡುಮಾತಿನಂತಿದೆ ಎಂದು ಬಿಟ್ಟರು. ಸಿನಿಮಾದಲ್ಲಿ ‘ನನಗೆ ಭಯವಾಗುತ್ತಿದೆ’ ಎನ್ನುವುದು ಅದೊಂದೇ, ಮನುಷ್ಯರಿಬ್ಬರೂ ಕಚೇರಿ ನೌಕರರಂತೆ ಮಾತಾಡುತ್ತಾರೆ. ಸಾಯುವಾಗ ಅದು ಹಾಡುವ ‘ಡೈಸಿ ಬೆಲ್’ಗೆ ನಿಜವಾದ ಬೇರಿದೆ. 1961ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ ಕಂಪ್ಯೂಟರೊಂದು ಅದೇ ಹಾಡನ್ನು ಹಾಡಿತ್ತು, ಆ ಪ್ರಯೋಗ ಕ್ಲಾರ್ಕ್‌ಗೆ ಗೊತ್ತಿತ್ತು. ಹ್ಯಾಲ್ ಏಕೆ ಕೆಟ್ಟಿತು ಎಂಬುದನ್ನು ಸಿನಿಮಾ ಎಲ್ಲೂ ಬಿಡಿಸಿ ಹೇಳುವುದಿಲ್ಲ. ತಪ್ಪು ಲೆಕ್ಕವೋ, ಸುಳ್ಳೋ, ಜೀವಭಯವೋ? ಕೃತಕ ಬುದ್ಧಿಮತ್ತೆಯ ಚರ್ಚೆ ಪ್ರತಿ ಸಲ ಹೊಸ ರೂಪ ತಾಳಿದಾಗಲೂ ಹ್ಯಾಲ್ ಅದಕ್ಕೆ ಹೊಂದಿಕೊಳ್ಳುವುದು ಈ ಕಾರಣಕ್ಕೆ.

ಉಲ್ಟಾ ಮಾಡಿದರೆ ಏನಾಗುತ್ತದೆ ಎಂದು ನೋಡಲು ಬೇರೆಲ್ಲೂ ಹುಡುಕಬೇಕಿಲ್ಲ. ಪೀಟರ್ ಹೈಮ್ಸ್ 1984ರಲ್ಲಿ ಇದರ ಮುಂದುವರಿಕೆಯಾಗಿ ‘2010’ ಮಾಡಿದರು. ಸೆಟ್ಟು, ಮಾಡೆಲ್‌ಗಳು ನಾಶವಾಗಿದ್ದರಿಂದ ಡಿಸ್ಕವರಿಯನ್ನು ಹಳೆಯ ಸಿನಿಮಾದ ಫ್ರೇಮುಗಳನ್ನು ನೋಡಿಯೇ ಮತ್ತೆ ಕಟ್ಟಿಸಬೇಕಾಯಿತು. ಕಸುಬುದಾರಿಕೆಯಲ್ಲಿ ಕೊರತೆಯಿಲ್ಲದ ಸಿನಿಮಾ ಅದು. ಆದರೆ ಹ್ಯಾಲ್‌ಗೆ ಕೊಟ್ಟ ಎರಡು ಆದೇಶಗಳು ಒಂದಕ್ಕೊಂದು ವಿರುದ್ಧವಾಗಿದ್ದವು ಎಂದು ಪಾತ್ರಗಳೇ ಬಾಯಿಬಿಟ್ಟು ಹೇಳುತ್ತವೆ, ಒಗಟು ಅಲ್ಲಿಗೆ ಸಾಫ್ಟ್‌ವೇರ್ ದೋಷವಾಗಿ ಮುಗಿಯುತ್ತದೆ. ಕತೆಯ ಬೆನ್ನೆಲುಬು ಅಮೆರಿಕ-ಸೋವಿಯತ್ ಯುದ್ಧಭೀತಿ. ಏಳೇ ವರ್ಷದಲ್ಲಿ ಸೋವಿಯತ್ ಒಕ್ಕೂಟ ಇಲ್ಲವಾಯಿತು. ಮೊದಲ ಸಿನಿಮಾದಲ್ಲೂ ಸೋವಿಯತ್ ವಿಜ್ಞಾನಿಗಳಿದ್ದಾರೆ, ಆದರೆ ಅವರನ್ನು ಲೌಂಜಿನ ಸೋಫಾದಲ್ಲಿ ಕೂರಿಸಿ ಮುಂದೆ ಹೋಗುತ್ತದೆ. ಹಾಗೆ ಬಿಟ್ಟು ಹೋಗಲಾಗದ ಒಂದು ಸಂಗತಿ ಹೆಂಗಸರದು. ಸಿನಿಮಾದಲ್ಲಿ ಅವರ ಪಾಲು ಬಹುಮಟ್ಟಿಗೆ ಗಗನಸಖಿಯರದ್ದೇ, ಸೋವಿಯತ್ ಮೇಜಿನ ಸುತ್ತ ಕೂತ ವಿಜ್ಞಾನಿಗಳನ್ನು ಬಿಟ್ಟರೆ. ಗಗನನೌಕೆಗೂ ನಿಲ್ದಾಣಕ್ಕೂ ಮಾಡಿದ ಲೆಕ್ಕವನ್ನು ಇಲ್ಲಿ ಯಾರೂ ಮಾಡಲಿಲ್ಲ, ಇಂದು ನೋಡುವಾಗ ನಿಜಕ್ಕೂ 1968 ಎನಿಸುವುದು ಈ ದೃಶ್ಯಗಳಲ್ಲೇ.

ತೆಗೆದುಹಾಕಿದ ತುಣುಕುಗಳ ಪೈಕಿ ಸುಮಾರು 17 ನಿಮಿಷ ಕ್ಯಾನ್ಸಸ್‌ನ ಉಪ್ಪಿನ ಗಣಿಯೊಳಗಿನ ಫಿಲ್ಮ್ ಉಗ್ರಾಣದಲ್ಲಿ ಸುರಕ್ಷಿತವಾಗಿದೆ ಎಂಬ ಸುದ್ದಿ 2010ರಲ್ಲಿ ಹೊರಬಿತ್ತು. ಹಕ್ಕುದಾರರಾದ ವಾರ್ನರ್ ಅದನ್ನು ಸೇರಿಸಿ ಉದ್ದದ ಆವೃತ್ತಿ ತರುವ ಯೋಜನೆ ಇಲ್ಲವೆಂದರು. 2018ರಲ್ಲಿ ಐವತ್ತು ತುಂಬಿದಾಗ ಕಾನ್ ಚಿತ್ರೋತ್ಸವದಲ್ಲಿ ಕ್ರಿಸ್ಟೋಫರ್ ನೋಲನ್ ಪರಿಚಯಿಸಿ ತೋರಿಸಿದ 70 ಎಂ.ಎಂ. ಪ್ರಿಂಟೂ ಕತ್ತರಿ ಬಿದ್ದ ಆ ಆವೃತ್ತಿಯದೇ, ಡಿಜಿಟಲ್ ತಿದ್ದುಪಡಿ ಒಂದೂ ಇಲ್ಲದೆ.